ಬೂದಿಕೋಟೆಯ ಹೈದರ್ ಅಲಿ: ದಂಡನಾಯಕನಿಂದ ಸರ್ವಾಧಿಕಾರಿಯವರೆಗೆ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರ್ ಅಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಆತನ ಜನ್ಮವರ್ಷದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1720ರ ಆಸುಪಾಸು ಎಂಬುದು ಸಾಮಾನ್ಯವಾದ ಅಭಿಪ್ರಾಯ. ತಂದೆ ಫತೇ ಮಹಮ್ಮದ್ ಸಿರಾದ ಅಧಿಕಾರಿಗಳ ಸೇವೆಯಲ್ಲಿದ್ದು, ಮಕ್ಕಳು ಚಿಕ್ಕವರಿದ್ದಾಗಲೇ ಯುದ್ಧದಲ್ಲಿ ಮಡಿದನು. ಆತನ ಗೋರಿ ಕೋಲಾರದಲ್ಲಿದೆ. ಇಂತಹ ಹಿನ್ನೆಲೆಯ ಹೈದರನನ್ನು ಕೆಲವರು ರಾಜ್ಯಾಪಹಾರಿ ಎಂದೂ ಮತ್ತೆ ಕೆಲವರು ರಾಜ್ಯರಕ್ಷಕನೆಂದೂ ವರ್ಣಿಸಿದ್ದಾರೆ. ಅಧಿಕಾರವು ಆತನ ಕೈಸೇರಿದ ಬಗೆಯನ್ನು ಪರಿಶೀಲಿಸಿದಲ್ಲಿ ಈ ಎರಡೂ ಮಾತುಗಳು ಅಪೂರ್ಣವೆನಿಸುತ್ತವೆ.

ಅರಸನನ್ನು ಸಿಂಹಾಸನದಲ್ಲಿ ಕುಳ್ಳಿರಿಸಿ ಆಡಳಿತವನ್ನು ತಾವೇ ನಡೆಸುವ ಪದ್ಧತಿಯನ್ನು ಹೈದರನು ಆರಂಭಿಸಲಿಲ್ಲ. ಕಳಲೆ ಮನೆತನದ ದಳವಾಯಿ ದೇವರಾಜಯ್ಯ ಮತ್ತು ಸರ್ವಾಧಿಕಾರಿ ನಂಜರಾಜಯ್ಯ ಸೋದರರ ಕಾಲದಲ್ಲಿಯೇ ಅದು ಬೇರೂರಿತ್ತು. 1734ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಮಾತ್ರ ಅರಸರಾಗಿದ್ದರು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರನ ಸಾಹಸವನ್ನು ಗುರುತಿಸಿದವನು ಈ ನಂಜರಾಜಯ್ಯನೇ. 1755ರಲ್ಲಿ ಆತನಿಗೆ ದಿಂಡಿಗಲ್ಲಿನ ಫೌಜುದಾರಿಕೆ ದೊರೆಯಿತು. ಅಲ್ಲಿ ಆತನು ಸ್ವಂತ ಬಲವನ್ನು ಬೆಳೆಸಿಕೊಂಡನು. ಅಕ್ಷರಜ್ಞಾನವಿಲ್ಲದ ಆತನಿಗೆ ಲೆಕ್ಕಪತ್ರಗಳಲ್ಲಿ ನೆರವಾದವನು ಖಂಡೇರಾಯ.

ಅಷ್ಟರಲ್ಲಿ ಸಂಸ್ಥಾನದ ಬೊಕ್ಕಸ ಬರಿದಾಗಿತ್ತು. ತಿರುಚಿರಾಪಳ್ಳಿಯ ನಿಷ್ಫಲ ದಂಡಯಾತ್ರೆ, 1755ರಲ್ಲಿ ನಿಜಾಮನಿಗೂ 1757ರಲ್ಲಿ ಪೇಶ್ವೆಗೂ ಒಪ್ಪಿಸಬೇಕಾದ ಕಪ್ಪ ಇದಕ್ಕೆ ಕಾರಣಗಳು. 1758ರಲ್ಲಿ ಸಂಬಳ ಕಾಣದ ಸೈನಿಕರು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು. ಹೈದರನು ಶ್ರೀರಂಗಪಟ್ಟಣಕ್ಕೆ ಬಂದು ಬಾಕಿಯನ್ನು ತೀರಿಸಿದನು. ಮರಾಠರ ದಾಳಿಯನ್ನು ಹಿಮ್ಮೆಟ್ಟಿಸಿದ ಬಳಿಕ 'ಫತೇ ಹೈದರ್ ಬಹದ್ದೂರ್' ಎಂಬ ಬಿರುದು ದೊರೆಯಿತು. ಸೈನ್ಯದ ವೇತನದ ಹೊಣೆಯೊಡನೆ ಹಲವು ಸೀಮೆಗಳ ಕಂದಾಯವೂ ಆತನ ವಶವಾಯಿತು. ಸೇನೆಗೆ ಸಂಬಳ ಕೊಡುವವನೇ ರಾಜ್ಯವನ್ನಾಳುವ ಸ್ಥಿತಿ ಹೀಗೆ ಒದಗಿತು.

1760ರಲ್ಲಿ ಅರಮನೆಯವರು ಖಂಡೇರಾಯನೊಡನೆ ಸೇರಿ ಹೈದರನನ್ನು ತೊಲಗಿಸಲೆತ್ನಿಸಿದರು. ಆತನು ಶ್ರೀರಂಗಪಟ್ಟಣದಿಂದ ಪಲಾಯನ ಮಾಡಿ ಬೆಂಗಳೂರನ್ನು ಸೇರಿದನು. ಬೆಂಗಳೂರಿನ ಜಹಗೀರು ಹಾಗೂ ಅಲ್ಲಿನ ನಿಷ್ಠಾವಂತ ಸೈನಿಕರಿಂದಾಗಿ ಆತನು ಚೇತರಿಸಿಕೊಂಡನೆಂಬುದು ಗಮನಾರ್ಹ. 1761ರಲ್ಲಿ ಖಂಡೇರಾಯ ಸೆರೆಯಾದನು, ಸರ್ವಾಧಿಕಾರವು ಹೈದರನದಾಯಿತು. 1763ರಲ್ಲಿ ಬಿದನೂರು ವಶವಾಗಿ ಅಪಾರ ಸಂಪತ್ತು ದೊರೆತ ಮೇಲೆ ಆತನ ಸ್ಥಾನವು ಭದ್ರವಾಯಿತು. ಆದರೂ ಆತನು ಸಿಂಹಾಸನವನ್ನೇರಲಿಲ್ಲ. 1766, 1770 ಮತ್ತು 1776ರಲ್ಲಿ ಅರಸರು ಗತಿಸಿದಾಗಲೆಲ್ಲ ಮತ್ತೊಬ್ಬರಿಗೆ ಪಟ್ಟ ಕಟ್ಟಲಾಯಿತು. ಈ ಅರಸರಿಗೆ ಗೌರವವಿತ್ತು, ಸ್ವಾತಂತ್ರ್ಯವಿರಲಿಲ್ಲ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಶಿಬಿರದಲ್ಲಿ ಹೈದರನು ಮರಣಹೊಂದಿದನು. ಟಿಪ್ಪು ಆಗ ಮಲಬಾರಿನಲ್ಲಿದ್ದನು. ಸೈನ್ಯವು ಚದುರೀತೆಂಬ ಭಯದಿಂದ ಅಧಿಕಾರಿಗಳು ಮರಣವಾರ್ತೆಯನ್ನು ಮುಚ್ಚಿಟ್ಟು, ದೇಹವನ್ನು ಗುಟ್ಟಾಗಿ ಕೋಲಾರಕ್ಕೆ ಸಾಗಿಸಿ ತಂದೆಯ ಗೋರಿಯ ಬಳಿ ಇರಿಸಿದರು. ಅನಂತರ ಅದನ್ನು ಶ್ರೀರಂಗಪಟ್ಟಣದ ಗುಂಬಜಿಗೆ ಒಯ್ಯಲಾಯಿತು.

ಸಿಂಹಾಸನದ ಮೇಲಿನ ಅರಸನು ತೀರಿಕೊಂಡಾಗ ಆಡಳಿತಕ್ಕೆ ಭಂಗ ಬರುತ್ತಿರಲಿಲ್ಲ; ಸರ್ವಾಧಿಕಾರಿಯ ಸಾವನ್ನು ಮಾತ್ರ ಬಚ್ಚಿಡಬೇಕಾಯಿತು. ಇಪ್ಪತ್ತು ವರ್ಷಗಳಿಗೂ ಮೀರಿ ನಡೆದ ಆತನ ಆಡಳಿತದ ಬಲವೂ ದೌರ್ಬಲ್ಯವೂ ಈ ಒಂದು ಘಟನೆಯಲ್ಲಿ ಕಂಡುಬರುತ್ತವೆ. ಬೂದಿಕೋಟೆಯಿಂದ ಹೊರಟವನು ಕೊನೆಯಲ್ಲಿ ತವರು ಸೀಮೆಗೆ ಮರಳಿದ್ದು ಹೀಗೆ, ಯಾರಿಗೂ ತಿಳಿಯದಂತೆ.