ಹದಿನೈದು ವರ್ಷಗಳ ಪವಿತ್ರ ಶನಿವಾರ

ನೂರು ವರ್ಷ ತುಂಬಿದ ಧರ್ಮಕೇಂದ್ರದ ಸ್ಮರಣ ಸಂಚಿಕೆಯಲ್ಲಿ ಅಸ್ತಿಭಾರ ಶಿಲೆಯ ದಿನಾಂಕ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ದಾನಿಗಳ ಪಟ್ಟಿ ಇವೆಲ್ಲ ಇರತಕ್ಕದ್ದೇ. ಅವುಗಳ ನಡುವೆ, ದೇವಾಲಯವೂ ಇಲ್ಲದೆ ಗುರುವೂ ಇಲ್ಲದೆ ಹದಿನೈದು ವರ್ಷ ಕಾದ ಜನರ ವೃತ್ತಾಂತಕ್ಕೂ ಒಂದೆರಡು ಪುಟ ಸಲ್ಲಬೇಕೆಂದು ನಮಗೆ ತೋರಿತು. ದುಡಿಮೆಯನ್ನು ಅರಸಿ ಕರಾವಳಿಯಿಂದ ದಾವಣಗೆರೆ, ಹರಿಹರಗಳಿಗೆ ಬಂದು ನೆಲೆಸಿದ ಕುಟುಂಬಗಳು ನಮ್ಮ ನಡುವೆ ಇರುವುದರಿಂದ ಇದು ಪರರ ಕಥೆಯೂ ಅಲ್ಲ.

ಕಾಯುವುದೆಂದರೇನೆಂಬುದನ್ನು ಈಚೆಗೆ ನಾವೂ ಸ್ವಲ್ಪಮಟ್ಟಿಗೆ ಅರಿತೆವು. 2020ರ ಏಪ್ರಿಲ್ 12ರ ಪಾಸ್ಖ ಹಬ್ಬದಂದು ದೇವಾಲಯಗಳ ಬಾಗಿಲು ಮುಚ್ಚಿತ್ತು. ಮರುವರ್ಷ ಮೃತರಾದ ಎಷ್ಟೋ ಮಂದಿಯನ್ನು ಮಕ್ಕಳೂ ಮುಖ ನೋಡದಂತೆ ಮಣ್ಣು ಮಾಡಬೇಕಾಯಿತು. ಅಂದು ಹಲವರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಸ್ವಾಮಿ, ಇನ್ನೆಷ್ಟು ದಿನ?" ಉತ್ತರ ನಮ್ಮಲ್ಲಿರಲಿಲ್ಲ. ಆ ದಿನಗಳಲ್ಲಿಯೇ ಶ್ರೀರಂಗಪಟ್ಟಣದ ಸೆರೆವಾಸಿಗಳು ನಮಗೆ ಮತ್ತೆ ಮತ್ತೆ ನೆನಪಾದರು.

1784ರ ಫೆಬ್ರವರಿ ಕೊನೆಯಲ್ಲಿ, ಪರಂಪರೆಯ ಪ್ರಕಾರ ವಿಭೂತಿ ಬುಧವಾರದಂದು, ಕೆನರಾ ಸೀಮೆಯ ಕಥೋಲಿಕರನ್ನು ಟಿಪ್ಪು ಸುಲ್ತಾನರ ಆಜ್ಞೆಯಂತೆ ಬಂಧಿಸಲಾಯಿತು. ಮಂಗಳೂರಿನ ಮುತ್ತಿಗೆಯ ಕಾಲದಲ್ಲಿ ಇವರು ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಯುದ್ಧಕಾಲದ ಸಂಶಯ ಒಬ್ಬಿಬ್ಬರಲ್ಲಿ ನಿಲ್ಲುವುದಿಲ್ಲ. ಹಸುಳೆಗಳೂ ಮುದುಕರೂ ಅದಕ್ಕೆ ತುತ್ತಾದರು. ಬಂಧಿತರು 30,000 ಎಂದು ಒಬ್ಬರು, 60,000 ಎಂದು ಇನ್ನೊಬ್ಬರು ಬರೆದಿದ್ದಾರೆ. ಆ ಲೆಕ್ಕದ ಜಗಳ ಇನ್ನೂ ಮುಗಿದಿಲ್ಲ. ಗುರುಗಳನ್ನು ಜನರಿಂದ ಬೇರ್ಪಡಿಸಿ ಗೋವೆಯ ಕಡೆಗೆ ಗಡೀಪಾರು ಮಾಡಿದರು. ದೇವಾಲಯಗಳನ್ನು ಕೆಡವಿದರು. ಜನರು ಘಟ್ಟ ಹತ್ತಿ ಶ್ರೀರಂಗಪಟ್ಟಣದವರೆಗೆ ನಡೆದ ಪಯಣ ಸುಮಾರು ಆರು ವಾರ ಹಿಡಿಯಿತೆಂದು ಹೇಳುತ್ತಾರೆ. ಆ ವರ್ಷ ಪಾಸ್ಖ ಹಬ್ಬ ಬಿದ್ದದ್ದು ಏಪ್ರಿಲ್ 11ರಂದು. ಎಂದರೆ ತಪಸ್ಸುಕಾಲವೆಲ್ಲವೂ ಅವರಿಗೆ ದಾರಿಯ ಮೇಲೆಯೇ ಕಳೆಯಿತು. ದಾರಿಯಲ್ಲಿ ಸತ್ತವರು ಸತ್ತಲ್ಲಿಯೇ ಉಳಿದರು.

ಮುಂದಿನ ವರ್ಷಗಳಲ್ಲಿ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಪರಮಪ್ರಸಾದವಿಲ್ಲ. ಯುವಕರನ್ನು ಸೈನ್ಯಕ್ಕೆ ಸೇರಿಸಿ, ಬಹು ಮಂದಿಯನ್ನು ಬಲವಂತದಿಂದ ಮತಾಂತರಿಸಲಾಯಿತು. ಬಿಡುಗಡೆಯಾದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ. ಆ ದಿನಾಂಕ ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಇತಿಹಾಸ ಓದುವವರು ಇದನ್ನು ಮರೆಯುವುದುಂಟು. ಕೊನೆಯ ಪುಟವನ್ನು ಮೊದಲೇ ಓದಿಕೊಂಡವನಿಗೆ ಕಾಯುವುದು ಕಷ್ಟವಲ್ಲ.

ಪತನಾನಂತರ ಅಲ್ಲಿಗೆ ಬಂದವರು ಪ್ಯಾರಿಸ್ ವಿದೇಶ ಧರ್ಮಪ್ರಚಾರ ಸಂಸ್ಥೆಯ ಅಬ್ಬೆ ದುಬಾಯ್. ನಮ್ಮ ಜನರ ಬಾಯಲ್ಲಿ ಅವರು 'ದೊಡ್ಡ ಸ್ವಾಮಿ'. ಬಳಿಕ ಅವರು ಬರೆದ ಮಾತುಗಳು ಕಟುವಾಗಿವೆ: ಅಷ್ಟು ಸಾವಿರ ಮಂದಿಯಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬರಿಗೂ ಬರಲಿಲ್ಲವೆಂದು ಅವರು ನಾಚಿಕೆಪಟ್ಟರು. ಆದರೆ ಅದೇ ಲೇಖನಿ ಇನ್ನೊಂದನ್ನೂ ದಾಖಲಿಸಿತು. ಬಿಡುಗಡೆಯಾದೊಡನೆ ಹೆಚ್ಚುಕಡಿಮೆ ಎಲ್ಲರೂ ಧರ್ಮಸಭೆಯೊಡನೆ ಸಂಧಾನ ಬೇಡಿ ಬಂದರು. ಹೊರಗೆ ಮಾತ್ರ ಬಿಟ್ಟಿದ್ದೆವು, ಒಳಗೆ ಕ್ರಿಸ್ತರನ್ನು ಬಿಟ್ಟಿರಲಿಲ್ಲ ಎಂದರು. ಸುಮಾರು 2,000 ಮಂದಿ ತಮ್ಮ ಬಳಿಗೆ ಬಂದರೆಂದೂ, ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ಆರಾಧನಾ ಸ್ಥಳಗಳನ್ನು ಮರುಕಟ್ಟಿದರೆಂದೂ ಅವರ ಲೆಕ್ಕ.

ದೊಡ್ಡ ಸ್ವಾಮಿಯವರ ಪಾಂಡಿತ್ಯಕ್ಕೆ ತಲೆಬಾಗುತ್ತಲೇ, ಅವರ ತೀರ್ಪನ್ನು ನಾವು ಒಪ್ಪಲಾರೆವು. ಅಂಗಳದ ಬೆಂಕಿಯ ಬಳಿ ಮೂರು ಬಾರಿ ಅಲ್ಲಗಳೆದ ಪೇತ್ರರನ್ನು ಯೇಸುಸ್ವಾಮಿ ಪುನರುತ್ಥಾನದ ನಂತರ ಕೇಳಿದ್ದು ಪ್ರೀತಿಯ ಲೆಕ್ಕವನ್ನು, ಧೈರ್ಯದ ಲೆಕ್ಕವನ್ನಲ್ಲ. ರಕ್ತಸಾಕ್ಷಿಗಳ ನಿರೀಕ್ಷೆ ಉಜ್ವಲವಾದುದು, ನಿಜ. ಆದರೆ ಹೆದರಿದವರಲ್ಲಿ, ಸೋತವರಲ್ಲಿ ಆರದೆ ಉಳಿಯುವ ನಿರೀಕ್ಷೆಯೂ ಒಂದಿದೆ. ಶುಕ್ರವಾರದ ಶಿಲುಬೆಗೂ ಭಾನುವಾರದ ಬರಿದಾದ ಸಮಾಧಿಗೂ ನಡುವೆ ಒಂದು ಶನಿವಾರವಿದೆಯಷ್ಟೆ. ಅಂದು ಶಿಷ್ಯರು ಯಾವ ವೀರಕಾರ್ಯವನ್ನೂ ಮಾಡಲಿಲ್ಲ. ಬಾಗಿಲು ಹಾಕಿಕೊಂಡು ಅತ್ತಿರಬೇಕು. ಸುಗಂಧ ದ್ರವ್ಯ ಸಿದ್ಧಪಡಿಸಿಕೊಂಡ ಸ್ತ್ರೀಯರಾದರೂ ಶವಕ್ಕೆ ಲೇಪಿಸಲು ಸಿದ್ಧರಾದವರು, ಪುನರುತ್ಥಾನವನ್ನು ಎದುರುನೋಡಿದವರಲ್ಲ.

ಸೆರೆಯವರಿಗೆ ದೇವರ ನೆರವು ಅನ್ಯಧರ್ಮೀಯರ ಕೈಯಿಂದಲೂ ಬಂತು. ಕೊಡಗಿನ ದೊಡ್ಡ ವೀರರಾಜೇಂದ್ರ ಅರಸರು ತಾವೇ ಸೆರೆಯಲ್ಲಿದ್ದು 1788ರಲ್ಲಿ ಪಿರಿಯಾಪಟ್ಟಣದಿಂದ ಪಾರಾಗಿ ಬಂದವರು. ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಅವರು ಆಶ್ರಯವಿತ್ತರು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಿಂದಿನದು. ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ದೇವಾಲಯವನ್ನು ಕೆಡವದಂತೆ ಉಳಿಸಿದ ಕೀರ್ತಿ ಜೈನ ಚೌಟ ಅರಸರದು. ಈ ಚರಿತ್ರೆಯನ್ನು ಇಂದು ಯಾರ ಮೇಲಾದರೂ ಎಸೆಯುವ ಕಲ್ಲನ್ನಾಗಿ ಮಾಡಿಕೊಳ್ಳುವವರು ಈ ಎರಡು ಹೆಸರುಗಳನ್ನು ಬಿಟ್ಟೇ ಓದುತ್ತಾರೆ.

ಜಪಾನಿನಲ್ಲಿ ಇದಕ್ಕಿಂತ ದೀರ್ಘವಾದ ಶನಿವಾರವೊಂದು ನಡೆಯಿತು. 1614ರ ನಿಷೇಧಾಜ್ಞೆಯ ನಂತರ ಗುರುಗಳು ಹೊರದೂಡಲ್ಪಟ್ಟರು, ಉಳಿದವರು ಹತರಾದರು. ಸಾಮಾನ್ಯ ವಿಶ್ವಾಸಿಗಳೇ ತಲೆಮಾರಿನಿಂದ ತಲೆಮಾರಿಗೆ ಜ್ಞಾನಸ್ನಾನ ಕೊಡುತ್ತ, ಹಬ್ಬದ ದಿನಗಳನ್ನು ಗುಟ್ಟಾಗಿ ಎಣಿಸುತ್ತ ಇನ್ನೂರು ವರ್ಷಕ್ಕೂ ಮಿಗಿಲಾಗಿ ಕಾದರು. 1865ರ ಮಾರ್ಚ್ 17ರಂದು ನಾಗಸಾಕಿಯ ಹೊಸ ದೇವಾಲಯಕ್ಕೆ ಬಂದ ಕೆಲವು ರೈತರು, ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಗುರು ಪೆತಿಜಾಂ ಅವರನ್ನು ಮೆಲ್ಲನೆ ಕೇಳಿದರು. ಪೆತಿಜಾಂ ಕೂಡ ದುಬಾಯ್ ಅವರ ಸಂಸ್ಥೆಯವರೇ. ಹರಿಹರದ ಆರೋಗ್ಯ ಮಾತೆಯ ಬಳಿಗೆ ಬರಿಗಾಲಲ್ಲಿ ನಡೆದು ಬರುವ ನಮ್ಮವರಿಗೆ ಆ ಪ್ರಶ್ನೆಯ ಅರ್ಥವನ್ನು ವಿವರಿಸಬೇಕಾಗಿಲ್ಲ.

ದೊಡ್ಡ ಸ್ವಾಮಿಯವರ ಕೊನೆಯ ಅಧ್ಯಾಯ ಮಾತ್ರ ವಿಚಿತ್ರ. ಚದುರಿದ ಮಂದೆಯನ್ನು ಕೂಡಿಸಿ, ಸಿಡುಬಿನ ವಿರುದ್ಧ 25,000ಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದ ಅವರು, 1823ರಲ್ಲಿ ಈ ದೇಶ ಬಿಟ್ಟು ಹೊರಟಾಗ ಇಲ್ಲಿ ಕ್ರೈಸ್ತ ಧರ್ಮಕ್ಕೆ ಮುಂದೆ ಬೆಳವಣಿಗೆಯಿಲ್ಲವೆಂದೇ ನಂಬಿದ್ದರು. ಅದೇ ವರ್ಷ ಲಂಡನ್ನಿನಲ್ಲಿ ಹೊರಬಂದ ಅವರ ಪತ್ರಗಳಲ್ಲಿ ಆ ನಿರಾಶೆ ಸ್ಪಷ್ಟವಾಗಿದೆ. ಪರರ ನಿರೀಕ್ಷೆಗೆ ಆಸರೆಯಾದವರೇ ತಮ್ಮ ಪಾಲಿನದನ್ನು ಕಾಣದೆ ಹೋದರು. 1848ರಲ್ಲಿ ಅವರು ಪ್ಯಾರಿಸಿನಲ್ಲಿ ತೀರಿಕೊಂಡರು. ಅವರು ಮುಗಿಯಿತೆಂದುಕೊಂಡ ಸೀಮೆಯಲ್ಲಿ 1850ರಲ್ಲಿ ಮೈಸೂರು ಪ್ರೇಷಿತ ಪ್ರಾಂತ್ಯ ಸ್ಥಾಪಿತವಾಯಿತು. 1988ರ ನವೆಂಬರ್ 14ರಂದು ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯವೂ ಉದಯಿಸಿತು.

ದಾವಣಗೆರೆಯ ಹತ್ತಿ ಗಿರಣಿಗಳೂ ಹರಿಹರದ ಯಂತ್ರ ಕಾರ್ಖಾನೆಯೂ ಬಾಗಿಲು ಹಾಕಿದ ಕಾಲದಲ್ಲಿ, ಸೈರನ್ ಮತ್ತೆ ಕೂಗೀತೆಂದು ವರ್ಷಗಟ್ಟಲೆ ಕಾದ ಮನೆಗಳು ಈ ಊರುಗಳಲ್ಲಿವೆ. ಸೈರನ್ ಕೂಗಲಿಲ್ಲ. ಕೆಲವರು ಆಟೋ ಓಡಿಸಿದರು, ಕೆಲವರು ಊರು ಬಿಟ್ಟರು; ಸಂಜೆಯ ಜಪಸರ ಮಾತ್ರ ಆ ಮನೆಗಳಲ್ಲಿ ನಿಲ್ಲಲಿಲ್ಲವೆಂಬುದಕ್ಕೆ ನೆರೆಹೊರೆಯವರೇ ಸಾಕ್ಷಿ.

ಶ್ರೀರಂಗಪಟ್ಟಣದ ದಾರಿಯಲ್ಲಿ ಬಿದ್ದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಈ ಶತಮಾನೋತ್ಸವ ವರ್ಷದ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ಬಲಿಪೂಜೆಯಲ್ಲಿ, ನಮ್ಮ ಮನೆಗಳ ಮೃತರೊಡನೆ ಅವರನ್ನೂ ನೆನೆಯೋಣ.