ಹಕ್ಕಿಗೆ ಯಾರ ಹೆಸರು?

ಹಕ್ಕಿ ಕಂಡರೆ ನೀವು ಮೊಬೈಲ್ ತೆಗೆಯುತ್ತೀರಿ, ಅಲ್ಲವೇ? ಕ್ಯಾಮೆರಾ ಇಲ್ಲದ ಕಾಲದಲ್ಲಿ ಆ ಕೆಲಸ ಕುಂಚದ್ದು.

1777ರ ಕಲ್ಕತ್ತಾ. ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯವರ ಪತ್ನಿ ಮೇರಿ ಮನೆಯಂಗಳದಲ್ಲೇ ಹಕ್ಕಿಗಳನ್ನು ಸಾಕಿದ್ದರು. ಅವುಗಳ ಚಿತ್ರ ಬರೆಯಲು ಪಟನಾದ ಶೇಖ್ ಜೈನುದ್ದೀನರನ್ನು ನೇಮಿಸಿದರು. ಆಮೇಲೆ ಭವಾನಿ ದಾಸ್, ರಾಮ್ ದಾಸ್ ಸೇರಿದರು. ಮೊಗಲ್ ಶೈಲಿಯಲ್ಲಿ ಪಳಗಿದ ಕೈ, ಇಂಗ್ಲೆಂಡಿನ ಕಾಗದ, ಜಲವರ್ಣ. ಕುಂಚದಲ್ಲಿ ನೀರು ಸ್ವಲ್ಪ ಹೆಚ್ಚಾದರೂ ಗರಿಯ ಅಂಚು ಹರಡಿಬಿಡುತ್ತದೆ (ಡ್ರಾಯಿಂಗ್ ಕ್ಲಾಸಿಗೆ ಹೋಗುವವರಿಗೆ ಗೊತ್ತು!). ಇವರು ಒಂದೊಂದು ಗರಿಯನ್ನೂ ಬಿಡಿಬಿಡಿಯಾಗಿ ತೋರಿಸಿದ್ದಾರೆ. ಕೆಲವೇ ವರ್ಷಗಳಲ್ಲಿ 300ಕ್ಕೂ ಹೆಚ್ಚು ಚಿತ್ರಗಳಾದವು.

1790ರಲ್ಲಿ ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಲೇಥಮ್ ಹಿಮಾಲಯದ ಮೊನಾಲ್ ಹಕ್ಕಿಗೆ ಇಂಪೆಯವರ ಹೆಸರಿಟ್ಟರು. ಅದರ ವೈಜ್ಞಾನಿಕ ಹೆಸರು ಇಂದಿಗೂ ಲೋಫೊಫೋರಸ್ ಇಂಪೆಜಾನಸ್. ಸಾಕಿದವರಿಗೆ ಹೆಸರು ಬಂತು, ದಿನಗಟ್ಟಲೆ ಕೂತು ಬರೆದವರಿಗೆ ಬರಲಿಲ್ಲ. ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ.

ಆದರೆ ಮೇರಿಯವರು ಒಂದು ಒಳ್ಳೆಯ ಕೆಲಸ ಮಾಡಿಸಿದ್ದರು. ಅಮೆರಿಕದ ಮಿನಿಯಾಪೊಲಿಸ್ ಕಲಾ ಸಂಗ್ರಹಾಲಯದಲ್ಲಿ 1778ರ ಚಿತ್ರವೊಂದಿದೆ: ಹಲಸಿನ ಮರದ ಬೊಡ್ಡೆಯ ಮೇಲೆ ಕರಿತಲೆಯ ಹೊನ್ನಕ್ಕಿ, ಜೊತೆಗೊಂದು ಕೀಟ. ಇಂಥ ಹಾಳೆಗಳ ಅಂಚಿನಲ್ಲಿ ಸಂಗ್ರಹದ ಒಡತಿಯ ಹೆಸರಿನ ಜೊತೆಗೇ ಚಿತ್ರ ಬರೆದವರ ಹೆಸರೂ ಇದೆ: ಜೈನುದ್ದೀನ್, ಪಟನಾದವರು.