ಅರ್ಧ ಸುತ್ತಿನ ಸರ್ಪ

ದೊಡ್ಡಮ್ಮನಿಗೆ ಎಡಪಕ್ಕೆಯಲ್ಲಿ ಉರಿ ಶುರುವಾದ ಮೂರನೆಯ ದಿನ ಗುಳ್ಳೆ ಎದ್ದವು. ಕೆಂಪೇರಿದ ಚರ್ಮದ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು. ಬೆನ್ನುಮೂಳೆಯ ಬಳಿ ಹೊರಟು, ಪಕ್ಕೆ ಬಳಸಿ, ಹೊಟ್ಟೆಯ ಕಡೆಗೆ ಸಾಗಿತ್ತು. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: "ತಲೆ ಎಲ್ಲಿದೆ, ಬಾಲ ಎಲ್ಲಿದೆ?" ಎರಡೂ ಕೂಡಿಕೊಂಡರೆ ಜೀವ ಉಳಿಯುವುದಿಲ್ಲವಂತೆ. ದೊಡ್ಡಮ್ಮ ನೋವಿಗಿಂತ ಹೆಚ್ಚಾಗಿ ಆ ಮಾತಿಗೇ ಹೆದರಿ ನಿದ್ದೆಗೆಟ್ಟರು. ಸರ್ಪಸುತ್ತು ಎಂಬ ಪದದ ಬೆನ್ನು ಹತ್ತಿದ್ದು ನಾನು ಆಗಲೇ.

ಪದ ಬಿಡಿಸಿದರೆ ಎರಡು ಮನೆತನ ಕಾಣುತ್ತವೆ. 'ಸುತ್ತು' ನಮ್ಮದೇ ದ್ರಾವಿಡ ಮಾತು. ತಮಿಳಿನಲ್ಲಿ, ತೆಲುಗಿನಲ್ಲಿ ಇದರ ಒಡಹುಟ್ಟುಗಳಿವೆ. ಉಗುರಿನ ಬುಡ ಬಾತು ಕೀವಾದರೆ ಉಗುರುಸುತ್ತು ಅನ್ನುತ್ತೇವಲ್ಲ, ಅಲ್ಲಿರುವುದೂ ಇದೇ. 'ಸರ್ಪ' ಸಂಸ್ಕೃತದ್ದು. ಅದರ ಧಾತು 'ಸೃಪ್', ಅಂದರೆ ತೆವಳು, ಹರಿದುಹೋಗು. ಹಾವಿಗೆ ಆ ಹೆಸರು ಬಂದದ್ದು ಅದರ ನಡೆಯಿಂದ. ಅದೇ ಧಾತುವಿನಿಂದ ಆಯುರ್ವೇದಕ್ಕೆ 'ವಿಸರ್ಪ' ಎಂಬ ರೋಗದ ಹೆಸರೂ ಬಂತು: ಮೈಮೇಲೆ ಹರಡುತ್ತ ಹೋಗುವ ಬೇನೆ. ಚರಕಸಂಹಿತೆಯಲ್ಲಿ ಅದಕ್ಕೆ ಒಂದು ಅಧ್ಯಾಯವೇ ಇದೆ.

ಇನ್ನು ವೈದ್ಯರು ಚೀಟಿಯಲ್ಲಿ ಬರೆಯುವ ಹೆಸರು: ಹರ್ಪಿಸ್ ಜೋಸ್ಟರ್. ಗ್ರೀಕಿನ 'ಹರ್ಪಿಸ್' ಕೂಡ ತೆವಳುವುದು ಎಂಬ ಅರ್ಥದಿಂದಲೇ ಹುಟ್ಟಿದ್ದು, ಮತ್ತು ಅದು ನಮ್ಮ ಸರ್ಪದ ದಾಯಾದಿ. ಸಂಸ್ಕೃತದಲ್ಲಿ ಮೊದಲಿಗೆ ಸಕಾರವಿರುವ ಎಷ್ಟೋ ಕಡೆ ಗ್ರೀಕಿನಲ್ಲಿ ಹಕಾರ ಬರುತ್ತದೆ. ಸಪ್ತ ಅಲ್ಲಿ 'ಹೆಪ್ಟ'. 'ಜೋಸ್ಟರ್' ಎಂದರೆ ನಡುಪಟ್ಟಿ, ಯೋಧರು ಸೊಂಟಕ್ಕೆ ಬಿಗಿಯುತ್ತಿದ್ದದ್ದು. ಹರಿಯುವುದು ಒಂದು, ಸುತ್ತಿಕೊಳ್ಳುವುದು ಇನ್ನೊಂದು. ಸರ್ಪಸುತ್ತು ಎಂಬ ಎರಡು ತುಂಡಿನ ಪದಕ್ಕೆ ಹರ್ಪಿಸ್ ಜೋಸ್ಟರ್ ತುಂಡಿಗೆ ತುಂಡು ಹೊಂದುತ್ತದೆ. ಈ ಹೊಂದಿಕೆ ಕಂಡ ದಿನ ನನಗಾದ ಸಂತೋಷ ಇನ್ನೂ ಆರಿಲ್ಲ.

ಇಂಗ್ಲಿಷಿನ ಶಿಂಗಲ್ಸ್ ಕೂಡ ಲ್ಯಾಟಿನ್ನಿನ ನಡುಪಟ್ಟಿಯೇ. ಅರಬ್ಬಿಯಲ್ಲಿ ಇದು ಬೆಂಕಿಯ ಪಟ್ಟಿ, ಸ್ಪ್ಯಾನಿಷ್ ಆಡುಮಾತಿನಲ್ಲಿ 'ಕುಲೆಬ್ರಿಯಾ', ಅಂದರೆ ಮರಿಹಾವು. ನೆರೆಯ ಮರಾಠಿಯಲ್ಲಿ ನಾಗೀಣ. ಹೆಸರಿನಂತೆ ಹೆದರಿಕೆಗೂ ಗಡಿಯಿಲ್ಲ. ನಡುವನ್ನು ಪೂರ್ತಿ ಸುತ್ತಿದರೆ ಜೋಸ್ಟರ್ ಕೊಲ್ಲುತ್ತದೆ ಎಂದು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲೇ ಬರೆದಿಟ್ಟಿದ್ದ. ದೊಡ್ಡಮ್ಮನ ನೆರೆಯವರು ಆಡಿದ್ದು ಅದೇ ಮಾತು.

ಆದರೆ ಈ ಸುತ್ತು ಸಾಮಾನ್ಯವಾಗಿ ಪೂರ್ತಿಯಾಗುವುದೇ ಇಲ್ಲ. ಬೆನ್ನುಹುರಿಯಿಂದ ಎಡಕ್ಕೊಂದು ಬಲಕ್ಕೊಂದು ನರ ಹೊರಟು, ಚರ್ಮದ ಒಂದೊಂದು ಪಟ್ಟಿಯನ್ನು ಹಂಚಿಕೊಂಡಿವೆ. ರೋಗ ಏಳುವುದು ಒಂದು ಬದಿಯ ನರದಲ್ಲಿ. ಗುಳ್ಳೆಗಳು ಆ ಪಟ್ಟಿಯಲ್ಲಿ ಸಾಗಿ ಮೈಯ ನಡುಗೆರೆಯ ಹತ್ತಿರ ನಿಲ್ಲುತ್ತವೆ. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಈ ಗುಳ್ಳೆಸಾಲುಗಳನ್ನೇ ಹಿಡಿದು ಚರ್ಮದ ಮೇಲೆ ನರಗಳ ಸರಹದ್ದಿನ ನಕಾಶೆ ಬರೆದರು. ರೋಗನಿರೋಧಕ ಶಕ್ತಿ ತೀರ ಕುಗ್ಗಿದವರಲ್ಲಿ ಎರಡೂ ಬದಿಗೆ, ಮೈತುಂಬ ಹರಡುವುದುಂಟು. ಅದು ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ ನಿಜ, ಆದರೆ ಅಪಾಯ ಬರುವುದು ಶಕ್ತಿ ಕುಗ್ಗಿರುವುದರಿಂದ, ತಲೆ ಬಾಲ ಕೂಡಿದ್ದರಿಂದಲ್ಲ.

ಈ ರೋಗ ತರುವ ವೈರಾಣು ಹೊರಗಿನಿಂದ ಹೊಸದಾಗಿ ಬಂದದ್ದೂ ಅಲ್ಲ. ನಾವು 'ಅಮ್ಮ' ಎಂದು ಕರೆದು, ಬೇವಿನ ಸೊಪ್ಪು ಹಾಸಿ ಮಲಗಿಸುವ ಚಿಕನ್‌ಪಾಕ್ಸ್ ಮಾಯವಾದ ಮೇಲೆ ಅದರ ವೈರಾಣು ನರದ ಬುಡದ ಗಂಟಿನಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ವಯಸ್ಸಾಗಿ ದೇಹದ ಕಾವಲು ಸಡಿಲವಾದಾಗ ಎದ್ದು ನರದಗುಂಟ ಹೊರಡುತ್ತದೆ. ಸರ್ಪಸುತ್ತಿನವರ ಒಡನಾಟದಿಂದ ಮಕ್ಕಳಿಗೆ ಚಿಕನ್‌ಪಾಕ್ಸ್ ಬರುವುದನ್ನು ಹಂಗೇರಿಯ ಬೋಕಾಯ್ 1892ರಲ್ಲೇ ಗಮನಿಸಿದ್ದರು. ಎರಡಕ್ಕೂ ವೈರಾಣು ಒಂದೇ ಎಂದು 1950ರ ದಶಕದಲ್ಲಿ ಥಾಮಸ್ ವೆಲ್ಲರ್ ಪ್ರಯೋಗಾಲಯದಲ್ಲಿ ತೋರಿಸಿದರು. ಕನ್ನಡ ಒಂದನ್ನು ಅಮ್ಮನ ಪಾಲಿಗೆ, ಇನ್ನೊಂದನ್ನು ನಾಗನ ಪಾಲಿಗೆ ಹಂಚಿಬಿಟ್ಟಿತ್ತು.

ಸರ್ಪ ಎಂಬ ಹೆಸರು ಗುರುತಿಗೆ ಒದಗುತ್ತದೆ: ಮೊದಲು ಉರಿ, ಆಮೇಲೆ ಗುಳ್ಳೆ, ಒಂದೇ ಬದಿ, ಪಟ್ಟಿಯಂತೆ. ಇಷ್ಟು ಸ್ಪಷ್ಟವಾದ ಗುರುತು ಚರ್ಮದ ಬೇನೆಗಳಲ್ಲಿ ಅಪರೂಪ. ನನಗೆ ಸಂಕಟವಾಗುವುದು ಅದೇ ಹೆಸರು ಜನರನ್ನು ನಾಗದೋಷದ ಕಡೆಗೆ ತಿರುಗಿಸಿದಾಗ. ಹರಕೆ ಹೊರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ವೈರಾಣು ತಡೆಯುವ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಅದರ ಫಲ ಹೆಚ್ಚು. ಕೆಮ್ಮಣ್ಣು ಬಳಿದು ಕಾಯುವಾಗ ಕಳೆಯುವುದು ಇದೇ ಮೂರು ದಿನ. ಹಣೆಯಲ್ಲೋ ಮೂಗಿನ ತುದಿಯಲ್ಲೋ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯ, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಗುಳ್ಳೆ ಆರಿದ ಮೇಲೂ ಕೆಲವು ಹಿರಿಯರಿಗೆ ನರದ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಸೀರೆಯ ಸೆರಗು ತಗುಲಿದರೂ ಉರಿಯುತ್ತದೆ. ಐವತ್ತು ದಾಟಿದವರಿಗೆ ಎರಡು ಡೋಸಿನ ಲಸಿಕೆ ಈಗ ನಮ್ಮಲ್ಲೂ ಸಿಗುತ್ತದೆ, ಬೆಲೆ ಮಾತ್ರ ದುಬಾರಿ.

ದೊಡ್ಡಮ್ಮನ ಮೈಮೇಲೆ ಕಲೆಗಳ ಸಾಲು ಈಗಲೂ ಇದೆ. ಬೆನ್ನಿನಿಂದ ಹೊರಟು ಎಡಪಕ್ಕೆ ಬಳಸಿ ಬಂದದ್ದು ಹೊಕ್ಕುಳಿನ ನೇರಕ್ಕೆ ನಿಂತಿದೆ.